ನಂಬರು ಬರುವ ತನಕ

ಹಿರೇಕೆರೂರಿನಿಂದ ಅಬಲೂರಿಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ದವಾಖಾನೆ ಇಡುತ್ತೇನೆಂದಾಗ ಹುಬ್ಬಳ್ಳಿಯ ಗೆಳತಿಯರು ನಕ್ಕರು. ನಲವತ್ತು ದಾಟಿದ, ಮದುವೆಯಾಗದ ಡಾಕ್ಟರಿಗೆ ಇಲ್ಲದ ಉಸಾಬರಿ ಯಾಕೆ ಎಂದರು. ದೊಡ್ಡ ಆಸ್ಪತ್ರೆಯಲ್ಲಿ ಮತ್ತೊಬ್ಬರ ಕೈಕೆಳಗೆ ದುಡಿದು ನನಗೆ ಸಾಕಾಗಿ ಹೋಗಿತ್ತು. ಎರಡು ಕೋಣೆಯದಾದರೂ ಸರಿ, ನನ್ನದೇ ಒಂದು ದವಾಖಾನೆ ಬೇಕಿತ್ತು.

ಕೋಣೆಗಳು ಸಿಕ್ಕವು, ತೆರೆಯಲು ಅಪ್ಪಣೆ ಸಿಗಲಿಲ್ಲ. ಖಾಸಗಿ ದವಾಖಾನೆ ಶುರು ಮಾಡಬೇಕಾದರೆ ಜಿಲ್ಲೆಯ ಸಮಿತಿಗೆ ಅರ್ಜಿ ಹಾಕಬೇಕು, ಅವರು ಬಂದು ನೋಡಬೇಕು, ಆಮೇಲೆ ನೋಂದಣಿ ನಂಬರು ಕೊಡಬೇಕು. ಅಲ್ಲಿಯ ತನಕ ರೋಗಿಗಳನ್ನು ನೋಡುವಂತಿಲ್ಲ. ಹಾನಗಲ್ ಕಡೆ ಯಾರೋ ನಂಬರಿಗೆ ಮೊದಲೇ ಶುರು ಮಾಡಿ ಬೀಗ ಹಾಕಿಸಿಕೊಂಡರೆಂದು ಕೇಳಿ ನಾನು ಹೆದರಿದ್ದೆ. ಮೊದಲ ಸಲ ಅರ್ಜಿ ವಾಪಸ್ ಬಂತು, ದರಪಟ್ಟಿಯ ಫೋಟೊ ಸ್ಪಷ್ಟವಿಲ್ಲವಂತೆ. ಎರಡನೆಯ ಸಲ, ದವಾಖಾನೆಯ ಕಸ ಒಯ್ಯುವವರ ಜೊತೆಗಿನ ಕರಾರು ಪತ್ರ ಇಲ್ಲವಂತೆ. ಕೂಸು ಹುಟ್ಟುವ ಮೊದಲೇ ಕುಲಾವಿ! ಹಳದಿ, ಕೆಂಪು, ನೀಲಿ ಕಸದ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ಖಾಲಿ ಕೋಣೆಯಲ್ಲಿ ಕುಳಿತಿರುತ್ತಿದ್ದೆ. ಬಂದವರನ್ನು “ಇನ್ನೂ ಶುರು ಆಗಿಲ್ರಿ” ಎಂದು ಕಳಿಸಿ ಕಳಿಸಿ, ಕಡೆಗೆ ಬರುವವರೂ ನಿಂತರು. ಕೆಲವು ಸಂಜೆ ನನ್ನ ದನಿ ನನಗಾದರೂ ಕೇಳಲೆಂದು ಅರ್ಜಿಯನ್ನೇ ಗಟ್ಟಿಯಾಗಿ ಓದುತ್ತಿದ್ದೆ. ನಗಬೇಡಿ, ನಿಜ.

ಬಿಡದೆ ಬರುತ್ತಿದ್ದವಳು ಪಕ್ಕದ ಮನೆಯ ಆಯಿ ಒಬ್ಬಳೇ. ವಯಸ್ಸು ಎಪ್ಪತ್ತರ ಮೇಲೆ, ಮಾತು ಹದಿನಾರರದು. ಮಗ ಸೊಸೆ ಹೊಲಕ್ಕೆ ಹೋದರೆಂದರೆ ಎರಡು ರೊಟ್ಟಿ, ಮೇಲಷ್ಟು ಶೇಂಗಾ ಹಿಂಡಿ ಕಟ್ಟಿಕೊಂಡು ಬಂದು, ರೋಗಿಯ ಕುರ್ಚಿಯಲ್ಲಿ ಕಾಲು ಮಡಚಿ ಕೂತುಬಿಡುವಳು. ನನ್ನೂರು ವೀಳ್ಯದೆಲೆಗೆ ಹೆಸರಾದ ಸವಣೂರೆಂದು ತಿಳಿದಾಗಿನಿಂದ ಅವಳಿಗೆ ಅದೇ ಚೇಷ್ಟೆ.

“ಸವಣೂರಾಕಿ ಅಂತಿ, ಒಂದ್ ಎಲಿ ಹಾಕೂದಿಲ್ಲ. ಎಂಥಾ ಸವಣೂರಾಕೀ ನೀ?”

“ಎಲಿ ಹಾಕ್ಕೊಂಡ್ರ ಹಲ್ಲ ಕೆಂಪ ಆಗತಾವ್ರಿ ಆಯಿ, ಪೇಶಂಟ್ ಅಂಜತಾರ.”

“ಅಂಜಾಕ ಮೊದಲ ಬರಬೇಕಲ್ಲ!”

ನಂಬರಿನ ಕಥೆ ಹೇಳಿದರೆ, “ದ್ಯಾವ್ರು ವರಾ ಕೊಟ್ರೂ ಪೂಜಾರಿ ಕೊಡೂದಿಲ್ಲ, ಬಿಡು” ಎನ್ನುವಳು. ಅವಳು ಎದ್ದು ಹೋದ ಮೇಲೆ ಆ ಕುರ್ಚಿಯ ಕಡೆ ನೋಡಲೂ ಬೇಸರವಾಗುತ್ತಿತ್ತು.

ಒಂದು ಮಧ್ಯಾಹ್ನ ನಾನು ಮೂರನೆಯ ಸಲ ಅರ್ಜಿ ತುಂಬುತ್ತಿದ್ದಾಗ ಆಯಿ ಬಲಗೈಯನ್ನು ಮೇಜಿನ ಮೇಲೆ ಚಾಚಿದಳು.

“ಮುಂಜಾನಿಂದ ಈ ಕೈ ಜುಂ ಅನ್ನಾಕತ್ತೈತಿ ನೋಡವಾ. ಒಮ್ಮೆ ಆ ಪಟ್ಟಿ ಕಟ್ಟಿ ಬಿ.ಪಿ. ನೋಡು.”

“ನಂಬರ ಬಂದಿಲ್ರಿ ಆಯಿ. ಸರಕಾರಿ ದವಾಖಾನಿಗೆ ಹೋಗ್ರಿ.”

“ಇಲ್ಲಿ ಯಾರ ನೋಡತಾರ? ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ.”

“ಒಮ್ಮೆ ಹೇಳಿದ್ರ ತಿಳಿಯೂದಿಲ್ಲೇನ್ರಿ? ನನ್ನ ದವಾಖಾನಿಗೆ ಬೀಗ ಬೀಳಬೇಕೇನ?” ಎಂದು ರೇಗಿಬಿಟ್ಟೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

ಆಯಿ ಕೈ ಹಿಂದಕ್ಕೆ ತೆಗೆದುಕೊಂಡಳು. “ಆತು ಬಿಡವಾ” ಎಂದು ಎದ್ದು ಹೋದಳು. ಕೈ ಜುಂ ಎನ್ನುವುದು ಯಾವುದರ ಮುನ್ಸೂಚನೆ ಇರಬಹುದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅರ್ಜಿಯಲ್ಲಿ ಇನ್ನೂ ಎರಡು ಪುಟ ಉಳಿದಿದ್ದವು, ತುಂಬಿದೆ.

ಮರುದಿನ ಆಯಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸೊಸೆಯನ್ನು ಕೇಳಿದರೆ, “ಶಿಗ್ಗಾವಿ ಮಗಳ ಮನಿಗೆ ಹೋಗ್ಯಾರ್ರಿ” ಎಂದಷ್ಟೇ ಹೇಳಿ ಒಳಗೆ ಹೋದಳು. ಸಿಟ್ಟಾಗಿ ಹೋಗಿದ್ದಾಳೆ, ಬಂದ ಮೇಲೆ ರಮಿಸಿದರಾಯಿತು ಎಂದುಕೊಂಡೆ. ಆಮೇಲಿನ ಎರಡು ತಿಂಗಳು ಹೇಗೆ ಕಳೆದೆನೋ ನನಗೇ ಗೊತ್ತು. ಮಧ್ಯಾಹ್ನವಾದರೆ ಕಿವಿ ತಾನಾಗಿ ಬಾಗಿಲ ಕಡೆ ಹೋಗುತ್ತಿತ್ತು.

ಕೊನೆಗೂ ತಪಾಸಣೆಯ ಜೀಪು ಬಂತು. “ಡಾಕ್ಟರವ್ವ ಖೊಟ್ಟಿ ಅಂತ, ಹಿಡಿಯಾಕ ಬಂದಾರ” ಎಂದು ಓಣಿಯೆಲ್ಲ ಗುಸುಗುಸು. ಬಂದವರು ಡಬ್ಬಿ, ದರಪಟ್ಟಿ, ಬೆಂಕಿ ಆರಿಸುವ ಸಿಲಿಂಡರು ಎಲ್ಲ ನೋಡಿ ತಲೆಯಾಡಿಸಿದರು. ಚಹಾ ಕುಡಿಯುವಾಗ ಹಿರಿಯ ಅಧಿಕಾರಿಯ ಮುಂದೆ ನಾನು ಜಂಬ ಕೊಚ್ಚಿಕೊಂಡೆ. ಕಾಯಿದೆಗೆ ಎಷ್ಟು ಅಂಜಿ ನಡೆದಿದ್ದೇನೆಂದರೆ, ಪಕ್ಕದ ಮನೆಯ ಮುದುಕಿ ಕೈ ಚಾಚಿದರೂ ಬಿ.ಪಿ. ನೋಡಲಿಲ್ಲ ಎಂದೆ.

ಅವರು ಕಪ್ಪು ಕೆಳಗಿಟ್ಟರು.

“ನಂಬರ ದವಾಖಾನಿಗೆ ಕೊಡೂದ್ರಿ ಮೇಡಮ್. ನೀವು ಡಾಕ್ಟರ್ ಅಂತ ನೋಂದಣಿ ಆಗಿ ಎಷ್ಟೋ ವರ್ಷ ಆಗೇತಲ್ಲ. ನೆರಿಮನಿ ಮುದುಕಿ ಕೈ ಹಿಡದು ನೋಡಿದ್ರ ಯಾರ ಬ್ಯಾಡ ಅಂತಿದ್ರು?”

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ನಂಬರು ಬಂತು, ಬೋರ್ಡಿನ ಮೇಲೆ ಬರೆಸಿದೆ. ಅದೇ ವಾರ ಆಯಿಯೂ ಊರಿಗೆ ಬಂದಳೆಂದು ತಿಳಿದು, ಬಿ.ಪಿ. ನೋಡುವ ಯಂತ್ರ ಹಿಡಿದುಕೊಂಡು ಹೋದೆ. ಪಡಸಾಲೆಯ ಮಂಚದ ಮೇಲೆ ಮಲಗಿದ್ದಳು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು.

“ನೀವು ನೋಡೂದಿಲ್ಲ ಅಂದ್ರಲ್ರಿ, ಅವತ್ತ ಸಂಜಿಕೇ ಲಕ್ವಾ ಹೊಡೀತ್ರಿ. ರಾತ್ರೋರಾತ್ರಿ ಶಿಗ್ಗಾವಿಗೆ ಒಯ್ದ್ವಿ” ಎಂದಳು ಸೊಸೆ, ನನ್ನ ಮುಖ ನೋಡದೆ.

“ನಂಬರ ಬಂತ್ರಿ ಆಯಿ” ಎಂದೆ. ಮಂಚದ ಪಕ್ಕ ಕೂತು ಹತ್ತಿರವಿದ್ದ ಬಲಗೈಗೆ ಪಟ್ಟಿ ಸುತ್ತತೊಡಗಿದೆ.

“ಅದು ಬ್ಯಾಡವಾ” ಎಂದಳು ಆಯಿ, ತೊದಲುತ್ತ. “ಅದಕ್ಕ ಈಗ ಏನೂ ತಿಳಿಯೂದಿಲ್ಲ. ಇದನ್ನ ನೋಡು.”

ಎಡಗೈಯನ್ನು ಮೆಲ್ಲಗೆ ನನ್ನ ಕಡೆ ಚಾಚಿದಳು.