ಬಾವಿಯ ಮೆಟ್ಟಿಲು ಮುಚ್ಚಿದ ವರ್ಷ

ಕೊಪ್ಪಳದಿಂದ ನನ್ನನ್ನು ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವಿನ ಒಂದು ಸಂತೆಯೂರಿಗೆ ಕೊಟ್ಟಾಗ ನನಗೆ ಹದಿನಾರು ತುಂಬಿತ್ತು. ಗಂಡನ ಮನೆಯವರದು ಜವಳಿ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮನೆ. ಬೀದಿಗೆ ಹೋಗಬೇಕಾದರೆ ಅಂಗಡಿಯನ್ನು ಹಾದು ಹೋಗಬೇಕು. ಅಲ್ಲಿ ಮಾವನವರೂ ಗಿರಾಕಿಗಳೂ ಕೂತಿರುತ್ತಿದ್ದರಾದ್ದರಿಂದ ಹೆಣ್ಣುಮಕ್ಕಳಿಗೆ ಆ ದಾರಿ ಇರಲಿಲ್ಲ. ಹಿತ್ತಲಿಗೊಂದು ಬಾಗಿಲಿತ್ತು. ಅದರ ಅಗುಳಿ ತೆಗೆಯುವುದು, ಹಾಕುವುದು ಎರಡೂ ಅತ್ತೆಯವರ ಕೈಯಲ್ಲಿತ್ತು. ಬೆಳಿಗ್ಗೆ ನೀರಿಗೆ ಹೋಗುವಾಗ ತೆಗೆಯುತ್ತಿದ್ದರು, ತುಂಬಿದ ಕೊಡದೊಂದಿಗೆ ಒಳಗೆ ಬಂದ ಮೇಲೆ ಹಾಕುತ್ತಿದ್ದರು. ಮದುವೆಯಾಗಿ ಎರಡು ವರ್ಷ ನಾನು ಆ ಊರಿನಲ್ಲಿ ನೋಡಿದ್ದು ಆ ಮನೆ ಮತ್ತು ಆ ಬಾವಿ, ಅಷ್ಟೇ.

ಬಾವಿ ದೊಡ್ಡದು, ಚೌಕದ್ದು. ಒಂದು ಮಗ್ಗುಲಿಗೆ ಕಲ್ಲಿನ ಮೆಟ್ಟಿಲು. ಬೇಸಿಗೆಯಲ್ಲಿ ನಲವತ್ತು ಮೆಟ್ಟಿಲು ಇಳಿದರೆ ನೀರು ಸಿಗುತ್ತಿತ್ತು. ಇಳಿಯುತ್ತ ಹೋದಂತೆ ಮೇಲಿನ ಊರಿನ ಸದ್ದು ಒಂದೊಂದಾಗಿ ನಿಂತುಹೋಗುತ್ತಿತ್ತು. ಗಂಡಸರು ಅಲ್ಲಿಗೆ ಬರುತ್ತಿರಲಿಲ್ಲ. ಕೊನೆಯ ಮೆಟ್ಟಿಲಿನಲ್ಲಿ ಕೊಡ ಇಳಿಸಿ, ಸೆರಗು ಸಡಿಲಿಸಿ, ಕಾಲು ನೀರಿಗೆ ಬಿಟ್ಟು ಕೂತರೆ ಯಾರ ಸೊಸೆಯೂ ಅಲ್ಲ ಅನ್ನಿಸುತ್ತಿತ್ತು.

ಎಣ್ಣೆ ಗಾಣದ ಮನೆಯ ಸೊಸೆ ಅಲ್ಲಿಯೇ ನನಗೆ ಗೆಳತಿಯಾದಳು. ನನ್ನದೇ ವಯಸ್ಸು, ಗಂಗಾವತಿ ಕಡೆಯವಳು. ಹೊಳೆಯ ದಂಡೆಯಲ್ಲಿ ಹುಟ್ಟಿದವಳಿಗೆ ಈ ಒಣ ಊರು ಉಸಿರು ಕಟ್ಟಿಸುತ್ತಿತ್ತು. ತುಂಗಭದ್ರೆ ತುಂಬಿ ಬಂದಾಗ ಹರಿಗೋಲು ಹೇಗೆ ಗಿರಗಿರನೆ ತಿರುಗುತ್ತದೆಂದು ಕೈ ತಿರುಗಿಸಿ ತೋರಿಸುತ್ತಿದ್ದಳು. ನಾನು ಕೊಪ್ಪಳದ ರೈಲಿನ ಕತೆ ಹೇಳುತ್ತಿದ್ದೆ. ಅವಳ ಅತ್ತೆ ಬಾಗಿಲಲ್ಲಿ ನಿಂತು ನೆರಳು ಎಲ್ಲಿಗೆ ಬಂತೆಂದು ನೋಡುವವಳು. ಆದರೂ ಗೆಳತಿ ಎಲ್ಲಿಂದಲೋ ಒಂದಿಷ್ಟು ಹೊತ್ತನ್ನು ಕದ್ದು ತರುತ್ತಿದ್ದಳು.

ನಮ್ಮ ಮನೆಯವರು ಊರಿನ ಸೇವಾ ಸಂಘದಲ್ಲಿದ್ದರು. ಹತ್ತು ಹನ್ನೆರಡು ಮಂದಿ ತರುಣರ ಸಂಘ. ಒಬ್ಬ ಸಾಲಿ ಮಾಸ್ತರರು, ಒಬ್ಬ ಕಂಪೌಂಡರು, ಉಳಿದವರು ಅಂಗಡಿಕಾರರ ಮಕ್ಕಳು. ಊರಿನ ಸಾವಕಾರರು ಅಧ್ಯಕ್ಷರು. ಸಂತೆ ಮುಗಿದ ಮೇಲೆ ಬಯಲು ಗುಡಿಸುವುದು, ಬೇಸಿಗೆಯಲ್ಲಿ ಅರವಟ್ಟಿಗೆ ಇಡುವುದು, ಪ್ಲೇಗು ಬಂದು ಊರು ಬಿಟ್ಟಾಗ ಹೊಲದಲ್ಲಿ ಗುಡಿಸಲು ಹಾಕಿಕೊಡುವುದು ಇವರ ಕೆಲಸ. ನಿಜಾಮರ ಕಾಲ. ನಾಲ್ಕು ಜನ ಕೂಡಬೇಕಾದರೂ ಉರ್ದುವಿನಲ್ಲಿ ಅರ್ಜಿ ಬರೆದು ಇಜಾಜತ್, ಅಂದರೆ ಸರ್ಕಾರದ ಅಪ್ಪಣೆ, ತರಬೇಕಿತ್ತು. ಸಭೆ ನಡೆಯುವಾಗ ಬಾಗಿಲಲ್ಲಿ ಒಬ್ಬ ಪೊಲೀಸ್ ಜವಾನ ಕೂತಿರುತ್ತಿದ್ದ. ಕಸ ಗುಡಿಸುವ ಮಾತನ್ನೂ ಅವನ ಎದುರಿಗೇ ಆಡಬೇಕು ಎಂದು ನಮ್ಮ ಮನೆಯವರು ಹಲ್ಲು ಕಡಿಯುತ್ತಿದ್ದರು. ಅವರಿಗೂ ಒಂದು ಅಗುಳಿ ಇದೆ ಎಂದು ನನಗೆ ಆಗ ತಿಳಿದಿತ್ತು. ನನ್ನದು ಅವರಿಗೆ ತಿಳಿದಿತ್ತೋ ಇಲ್ಲವೋ.

ನಮ್ಮ ಕಡೆ ಆಗ ನಾರುಹುಣ್ಣಿನ ಕಾಟ ವಿಪರೀತ. ಕಾಲಿನಲ್ಲಿ ಬೊಕ್ಕೆ ಎದ್ದು, ಒಡೆದು, ಅದರೊಳಗಿನಿಂದ ದಾರದಂಥ ಹುಳು ಹೊರಬೀಳುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿಕೊಂಡು ದಿನಕ್ಕೆ ಒಂದೆರಡು ಬೆರಳಿನಷ್ಟು ಎಳೆಯಬೇಕು. ಹರಿದರೆ ಕಾಲೇ ಹೋಗಬಹುದು. ನನ್ನ ನಾದಿನಿಗೆ ಚಿಕ್ಕಂದಿನಲ್ಲಿ ಹಾಗೆ ಹರಿದು, ಮೊಣಕಾಲು ಮಡಿಸಿದ್ದು ಮಡಿಸಿಯೇ ಉಳಿದಿತ್ತು. ಒಮ್ಮೆ ತಿರುಗಾಟಕ್ಕೆ ಬಂದ ಡಾಕ್ಟರೊಬ್ಬರು ಸಂಘದವರಿಗೆ ರೋಗದ ಮೂಲ ಬಿಡಿಸಿ ಹೇಳಿದರು. ಹುಣ್ಣಿನ ಕಾಲನ್ನು ನೀರಿನಲ್ಲಿ ಇಟ್ಟರೆ ಹುಳುವಿನ ಮರಿಗಳು ನೀರಿಗೆ ಬೀಳುತ್ತವೆ. ಆ ನೀರನ್ನು ಕುಡಿದವರಿಗೆ ವರ್ಷದ ನಂತರ ಅದೇ ರೋಗ. ಎರಡು ಪದರ ಬಟ್ಟೆಯಲ್ಲಿ ನೀರು ಸೋಸಿ ಕುಡಿದರೆ ಬರುವುದಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ನಮ್ಮ ಮನೆಯವರು ಹೇಳಿದರು.

"ನಾಳಿಂದ ಸೋಸೂ ಬಟ್ಟಿ ತಗೊಂಡು ನೀ ಮನಿಮನಿಗೆ ಹೋಗಬೇಕು. ಸಂಘದಾಗ ಹೇಳಿ ಬಂದೀನಿ."

"ನನ್ನ ಒಂದ ಮಾತು ಕೇಳಲಿಲ್ಲಲ್ರಿ?"

"ಕೇಳೂದೇನೈತಿ? ಗಂಡಸರು ಅಡಿಗಿ ಮನಿತನಕ ಹೋಗಾಕ ಬರಂಗಿಲ್ಲ. ನಿನಗ ಓದಾಕ ಬರತೈತಿ, ತಿಳಿಸಿ ಹೇಳ್ತಿ."

ಅತ್ತೆಯವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಸೊಸಿ ಊರು ತಿರುಗೂದು ಈ ಮನ್ಯಾಗ ಇರಲಿಲ್ಲಪ್ಪ."

ಮಾವನವರು ಕೈತೊಳೆಯುತ್ತ, "ಸಾವಕಾರ್ರು ಹೂಂ ಅಂದಾರ. ನಾವು ಒಲ್ಲೆ ಅನ್ನಾಕ ಆಗಂಗಿಲ್ಲ. ಸೂಲಗಿತ್ತಿ ಮುದುಕಿ ಜೋಡಿ ಹೋಗಿ ಬರಲಿ" ಎಂದರು.

ಹೀಗೆ ನನ್ನ ಬಾಗಿಲು ತೆರೆಯಿತು, ಸಾವಕಾರರ ಮಾತಿಗೆ. ಆದರೂ ಆ ತಿಂಗಳು ನಾನು ಸುಖವಾಗಿದ್ದೆ ಎಂಬುದನ್ನು ಮುಚ್ಚಿಡಲಾರೆ. ಬಗಲಲ್ಲಿ ನಮ್ಮ ಅಂಗಡಿಯ ಮಾದರಪಾಟ ಬಟ್ಟೆಯ ತುಂಡುಗಳು, ಮುಂದೆ ಕೋಲೂರುತ್ತ ಸೂಲಗಿತ್ತಿ. ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸುರಿಯುತ್ತಿದ್ದೆ. ಆಮೇಲೆ ಬಟ್ಟೆಯನ್ನು ತಿರುವಿ ಹಿತ್ತಾಳೆ ತಾಟಿನಲ್ಲಿ ಜಾಲಿಸಿ ಬಿಸಿಲಿಗೆ ಹಿಡಿದರೆ ನೀರಿನಲ್ಲಿ ಬಿಳಿಯ ಚುಕ್ಕೆಗಳು ಜಿಗಿಯುವುದು ಕಾಣುತ್ತಿತ್ತು. "ಯವ್ವಾ, ಇದನ್ನ ಕುಡೀತಿದ್ವಿ?" ಎಂದು ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ನನ್ನ ಮಾತನ್ನು ಯಾರಾದರೂ ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು.

ಒಂದು ಮನೆಯಲ್ಲಿ ಮುದುಕಿಯೊಬ್ಬಳು, "ಬಾವಿ ಮೆಟ್ಟಲಾ ಮುಚ್ಚತಾರಂತ, ಖರೇ ಏನವ್ವಾ?" ಎಂದು ಕೇಳಿದಳು.

"ಇಲ್ರಿ. ಬಟ್ಟ್ಯಾಗ ಸೋಸಿದ್ರ ಸಾಕು. ಮೆಟ್ಟಲಾ ಯಾಕ ಮುಚ್ಚತಾರ್ರಿ?" ಎಂದೆ. ಆಮೇಲೆ ಕೇಳಿದ ಪ್ರತಿ ಮನೆಯಲ್ಲಿಯೂ ಅದನ್ನೇ ಹೇಳಿದೆ. ನನಗೆ ಗೊತ್ತಿದ್ದುದು ಅಷ್ಟೇ.

ಹದಿನೈದು ದಿನ ಕಳೆಯುವುದರೊಳಗೆ ನಮ್ಮ ಮನೆಯವರು ಕಚೇರಿಯಿಂದ ಕಾಗದ ಹಿಡಿದುಕೊಂಡು ನಗುತ್ತ ಬಂದರು. "ಇಜಾಜತ್ ಸಿಕ್ಕಿತು. ಮೆಟ್ಟಲಾ ಮುಚ್ಚಿ ಮ್ಯಾಲ ಕಟ್ಟಿ ಕಟ್ಟತೀವಿ. ನಾಕು ಗಡಗಡಿ ಹಾಕತೀವಿ. ಹಗ್ಗ ಬಿಟ್ಟು ಸೇದೂದು. ಯಾರೂ ನೀರು ಮುಟ್ಟಂಗಿಲ್ಲ."

"ಮುಚ್ಚಂಗಿಲ್ಲಂತ ನಾ ಮನಿಮನ್ಯಾಗ ಹೇಳಿ ಬಂದೀನಲ್ರಿ."

"ಹಂಗ ಹೇಳಂತ ನಿನಗ ಯಾರು ಹೇಳಿದ್ರು?"

"ಅಲ್ಲಿ ಹೆಣ್ಣುಮಕ್ಕಳು ಒಂದೀಟು ಕೂಡತಾರ್ರಿ. ಮತ್ತೆಲ್ಲಿ ಕೂಡಬೇಕು?"

"ಹುಣ್ಣಿನ ಕಾಲು ನೀರಾಗ ಬಿಟಗೊಂಡು ಕೂಡತಾರ. ನನ್ನ ತಂಗಿ ಕಾಲು ದಿನಾ ನೋಡತಿ. ಅಷ್ಟು ನೋಡಿನೂ ಹಿಂಗ ಕೇಳತಿ?"

ನಾದಿನಿ ಕಂಬಕ್ಕೆ ಒರಗಿ ಶೇಂಗಾ ಬಿಡಿಸುತ್ತಿದ್ದಳು. ನಾನು ಅಡುಗೆ ಮನೆಗೆ ಹೋದೆ.

ಮರುದಿನ ಬಾವಿಯಲ್ಲಿ ಎಲ್ಲರೂ ನನ್ನತ್ತ ತಿರುಗಿದರು. "ಸುಳ್ಳು ಹೇಳಿ ಬಟ್ಟಿ ಹಂಚಿದಿ" ಎಂದಳು ಒಬ್ಬಳು. ಗೆಳತಿ ನನ್ನ ಪಕ್ಕಕ್ಕೆ ನಿಂತಳು. "ಆಕಿಗೆ ಯಾರು ತಿಳಿಸಿದ್ರು? ಈಗ ಏನು ಮಾಡೂದು ಅದನ್ನ ಹೇಳ್ರಿ." ಅಲ್ಲಿಯೇ ಗಟ್ಟಿ ಮಾಡಿದೆವು. ಸಂತೆಯ ಮರುದಿನ ಎಲ್ಲರೂ ಕೂಡಿ ಸಾವಕಾರರ ಹೆಂಡತಿಯ ಬಳಿ ಹೋಗುವುದು. ಮೇಲಿನ ಹತ್ತು ಮೆಟ್ಟಿಲಾದರೂ ಕೂಡಲಿಕ್ಕೆ ಬಿಡಿ, ಕಾಲು ನೀರಿಗೆ ತಾಗಿಸುವುದಿಲ್ಲ ಎಂದು ಮಾತು ಕೊಡುವುದು. ಎರಡೂ ಕಡೆ ಬಲ್ಲವಳೆಂದು ಮಾತಾಡುವ ಕೆಲಸ ನನಗೆ. ಗಂಡನ ಸಂಘದ ವಿರುದ್ಧ ಮಾತಾಡುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಆದರೂ ಹೂಂ ಎಂದೆ.

ಸಂತೆಯ ದಿನ ಬೆಳಿಗ್ಗೆ ಎದ್ದಾಗ ಬಲಗಾಲಿನ ಪಾದದ ಗಂಟಿನ ಮೇಲೆ ಕೆಂಡ ಇಟ್ಟಂತೆ ಉರಿಯುತ್ತಿತ್ತು. ನೋಡಿದರೆ ಬೊಕ್ಕೆ. ಹಿಂದಿನ ವರ್ಷ ಸೋಸದೆ ಕುಡಿದ ನೀರು ಈಗ ಲೆಕ್ಕ ಕೇಳಲು ಬಂದಿತ್ತು. ಯಾರಿಗೂ ಹೇಳಲಿಲ್ಲ. ಕೊಡ ತೆಗೆದುಕೊಂಡು ಹೊರಟೆ. ಒಂದೊಂದು ಮೆಟ್ಟಿಲಿಗೂ ಉರಿ ನೆತ್ತಿಗೇರುತ್ತಿತ್ತು. ಕೆಳಗೆ ಯಾರೂ ಇರಲಿಲ್ಲ. ಕೊನೆಯ ಮೆಟ್ಟಿಲಲ್ಲಿ ಕೂತು ಕಾಲನ್ನು ನೀರಿಗೆ ಬಿಟ್ಟೆ.

ಆ ತಂಪನ್ನು ಇಂದಿಗೂ ಮರೆತಿಲ್ಲ. ಬೊಕ್ಕೆ ಒಡೆಯಿತು. ಹಾಲಿನ ಹನಿ ಬಿದ್ದಂತೆ ಬೆಳ್ಳಗೆ ಏನೋ ನೀರಿನಲ್ಲಿ ಹರಡಿತು. ಅದು ಏನೆಂದು ಊರಿಗೆಲ್ಲ ಹೇಳಿ ಬಂದವಳು ನಾನೇ. ಕಾಲು ತೆಗೆಯಬೇಕು ಅಂದುಕೊಂಡೆ, ತೆಗೆಯಲಿಲ್ಲ. ಕಣ್ಣು ಮುಚ್ಚಿ ಕೂತೆ.

"ಎತ್ತು" ಎಂಬ ಧ್ವನಿ ಕೇಳಿತು. ಗೆಳತಿ ನಾಲ್ಕು ಮೆಟ್ಟಿಲು ಮೇಲೆ ಖಾಲಿ ಕೊಡ ಹಿಡಿದು ನಿಂತಿದ್ದಳು. "ಕಾಲು ಎತ್ತು ಮೊದಲ."

"ಉರೀತೈತಿ. ಇನ್ನೊಂದೀಟು."

ಅವಳು ಕೊಡ ಇಟ್ಟು ಇಳಿದು ಬಂದಳು. ಎರಡೂ ಕೈಯಿಂದ ನನ್ನ ಕಾಲನ್ನು ಎತ್ತಿ ಮೆಟ್ಟಿಲಿನ ಮೇಲೆ ಇಟ್ಟಳು. ನೀರು ತುಂಬಿಕೊಳ್ಳಲಿಲ್ಲ. ನನ್ನ ತೋಳು ತನ್ನ ಹೆಗಲಿಗೆ ಹಾಕಿಕೊಂಡು ನಲವತ್ತು ಮೆಟ್ಟಿಲೂ ಹತ್ತಿಸಿದಳು. ಮೇಲೆ ಬಂದು ಉಸಿರು ತಿರುಗಿದ ಮೇಲೆ ಹೇಳಿದಳು.

"ನಾಳಿ ಸಾವಕಾರ್ರ ಮನಿಗೆ ಹೋಗೂದು ಬ್ಯಾಡ."

"ಯಾಕ?"

"ಏನಂತ ಮಾತು ಕೊಡೂದು? ಎಲ್ಲಾ ತಿಳಿದಾಕಿ ನಿನಗ ತಡಕೊಳ್ಳಾಕ ಆಗಲಿಲ್ಲ. ನನಗೂ ಆಗತಿದ್ದಿಲ್ಲ." ಅವಳ ಕಣ್ಣು ತುಂಬಿತ್ತು. "ಮುಚ್ಚಲಿ ಬಿಡು."

ಮುಚ್ಚಿದರು. ನಾನು ನೋಡಲಿಲ್ಲ. ಒಳಗಿನ ಕೋಣೆಯಲ್ಲಿ ಮಲಗಿದ್ದೆ, ಮೂರು ತಿಂಗಳು. ಹುಳುವಿನ ತುದಿಯನ್ನು ಕಡ್ಡಿಗೆ ಸುತ್ತಿ ಕಾಲಿಗೆ ಕಟ್ಟಿದ್ದರು. ದಿನ ಬೆಳಗಾದರೆ ಸೂಲಗಿತ್ತಿ ಬಂದು ಕಡ್ಡಿಯನ್ನು ಒಂದು ಸುತ್ತು ತಿರುಗಿಸಿ, ಬೇವಿನೆಲೆ ಅರೆದು ಕಟ್ಟಿ ಹೋಗುತ್ತಿದ್ದಳು. ಹೊರಳಿದರೆ ಹರಿದೀತೆಂಬ ಭಯ. ಆ ಕೋಣೆಗೆ ಕಿಟಕಿ ಇರಲಿಲ್ಲ. ಹಿತ್ತಲ ಕಡೆಯಿಂದ ಗೌಂಡಿಗಳು ಕಲ್ಲು ಕೆತ್ತುವ ಸದ್ದು ದಿನವಿಡೀ ಬರುತ್ತಿತ್ತು. ನಮ್ಮ ಮನೆಯವರು ಪಾಪ, ಹೊತ್ತಿಗೆ ಸರಿಯಾಗಿ ಬಂದು ಹಣೆ ಮುಟ್ಟಿ ನೋಡುತ್ತಿದ್ದರು. "ನೋಡಿದಿ? ಇದಕ್ಕ ಮುಚ್ಚೂದು" ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಬಾವಿಯಲ್ಲಿ ಕಾಲಿಟ್ಟದ್ದನ್ನು ನಾನು ಅವರಿಗೆ ಕೊನೆಯವರೆಗೂ ಹೇಳಲಿಲ್ಲ. ಗೆಳತಿಯೂ ಯಾರಿಗೂ ಹೇಳಲಿಲ್ಲ. ನಾನು ಹೆದರಿ ಮನೆ ಹಿಡಿದು ಕೂತೆನೆಂದು ಉಳಿದ ಹೆಂಗಸರು ಮಾತಾಡಿಕೊಂಡರಂತೆ.

ಕಾಲು ಮಾಗಿ ಮತ್ತೆ ನೀರಿಗೆ ಹೋದಾಗ ಅದು ಬೇರೆಯೇ ಬಾವಿಯಾಗಿತ್ತು. ಎದೆಮಟ್ಟದ ಕಟ್ಟೆ, ನಾಲ್ಕು ಗಡಗಡಿ, ಎದುರಿಗೇ ಊರ ಹಿರಿಯರು ಕೂಡುವ ಅರಳಿಕಟ್ಟೆ. ಹೆಂಗಸರು ಸೆರಗು ಹೊದ್ದು ಸಾಲಾಗಿ ನಿಂತಿದ್ದರು. ಹಗ್ಗ ಬಿಡು, ಸೇದು, ಎತ್ತಿಕೋ, ನಡಿ. ಗೆಳತಿ ಎರಡು ಸಾಲು ಆಚೆ ನಿಂತಿದ್ದಳು. ಕಾಲು ಹೇಗಿದೆಯೆಂದು ಹುಬ್ಬು ಹಾರಿಸಿ ಕೇಳಿದಳು. ತಲೆ ಅಲ್ಲಾಡಿಸಿದೆ. ಅಷ್ಟರಲ್ಲಿ ಅವಳ ಕೊಡ ತುಂಬಿತು.

ಸೋಸುವ ಬಟ್ಟೆಯನ್ನು ಆಮೇಲೂ ಹಂಚಬೇಕಿತ್ತು. ಆದರೆ ನನ್ನ ಕಾಲಿನ ನೆಪ ಹೇಳಿ ಅತ್ತೆಯವರು ತಿರುಗಾಟ ನಿಲ್ಲಿಸಿದರು. ಬೇಕಾದವರು ಮನೆಗೇ ಬಂದು ಒಯ್ಯಲಿ ಎಂದಾಯಿತು. ಮೊದಲ ದಿನವೇ ಗೆಳತಿ ಹಿತ್ತಲ ಬಾಗಿಲಿಗೆ ಬಂದಳು. ಅತ್ತೆಯವರು ಅಲ್ಲೇ ಕೂತಿದ್ದರು. ಬಟ್ಟೆ ಕೊಟ್ಟರೆ ಅವಳು ಹೋಗಬೇಕು. ನನ್ನ ಕೈ ಬಟ್ಟೆಯನ್ನು ಬಿಡಲಿಲ್ಲ.

"ಅಂಚು ಹೊಲೀದಿದ್ರ ಎಳಿ ಬಿಚ್ಚಿ ನೀರಾಗ ಬೀಳತಾವ್ರಿ ಅತ್ತಿ. ಹೊಲದು ಕೊಡತೀನಿ" ಎಂದೆ.

ಅತ್ತೆಯವರು ಒಂದು ಗಳಿಗೆ ನನ್ನ ಮುಖ ನೋಡಿದರು. "ಹೊಲಿ" ಎಂದರು.

ಆ ಚಳಿಗಾಲವೆಲ್ಲ ಹಾಗೆ ನಡೆಯಿತು. ಬಂದವರು ಪಡಸಾಲೆಯ ಅಂಚಿನಲ್ಲಿ ಕೂಡುತ್ತಿದ್ದರು, ನಾನು ಸಣ್ಣ ಸಣ್ಣ ಹೊಲಿಗೆ ಹಾಕುತ್ತಿದ್ದೆ. ಬಾವಿಯ ತಳದಲ್ಲಿ ಆಡಿದಂಥ ಮಾತು ಅತ್ತೆಯವರ ಎದುರಿಗೆ ಬರುತ್ತಿರಲಿಲ್ಲ. ಮಕ್ಕಳ ಕೆಮ್ಮು, ಜೋಳದ ಹಿಟ್ಟು, ಇಂಥವೇ. ಒಮ್ಮೆ ಮಾತ್ರ ಅತ್ತೆಯವರು ಒಳಗೆ ಹೋದಾಗ ನಾನು ಗೆಳತಿಯ ಕಿವಿಯಲ್ಲಿ ಪಿಸುಗುಟ್ಟಿದೆ. "ನನ್ನ ಮ್ಯಾಲ ಸಿಟ್ಟೈತಿ?"

"ನಿನ್ನ ಮ್ಯಾಲ ಯಾಕ ಸಿಟ್ಟು? ಮಾತಾಡಾಕ ಜಾಗಾ ಇಲ್ಲಲ್ಲ, ಅದರ ಮ್ಯಾಲ ಐತಿ" ಎಂದಳು.

ಆಮೇಲೆ ಯುದ್ಧದ ಕಾಲದ ಕಂಟ್ರೋಲ್ ಬಂತು. ಅಂಗಡಿಯಲ್ಲಿ ಚೀಟಿ ಇದ್ದವರಿಗೆ ಅಳೆದು ಕೊಟ್ಟಷ್ಟೇ ಬಟ್ಟೆ. ಸಂಘಕ್ಕೆ ಕೊಡಲು ಮಾದರಪಾಟ ಉಳಿಯಲಿಲ್ಲ. ಹಳೆಯ ಸೀರೆಯ ತುಂಡಿನಲ್ಲಿ ಸೋಸಿಕೊಳ್ಳಿ ಎಂದು ಹೇಳಿ ಕಳಿಸಿದರು. ಇನ್ನು ಯಾರೂ ಬರುವುದಿಲ್ಲ ಅಂದುಕೊಂಡೆ. ನಾಲ್ಕು ದಿನಕ್ಕೆ ಗೆಳತಿ ಬಂದಳು, ಕೈಯಲ್ಲಿ ಸವೆದ ಸೀರೆಯ ತುಂಡು. "ನನಗ ಅಂಚು ಹೊಲಿಯಾಕ ಬರಂಗಿಲ್ರಿ ಅತ್ತಿ" ಎಂದು ಅತ್ತೆಯವರಿಗೆ ಗಟ್ಟಿಯಾಗಿ ಹೇಳಿದಳು. ಅವಳು ಹಾಕುತ್ತಿದ್ದ ಕಸೂತಿಯನ್ನು ಓಣಿಯವರೆಲ್ಲ ಹೊಗಳುತ್ತಿದ್ದರು. ಅತ್ತೆಯವರು ಮಣೆ ಸರಿಸಿ ಕೊಟ್ಟರು.

ಹಾಗೆ ಮೂರು ಸಲ ಬಂದಳು. ನಾಲ್ಕನೆಯ ಸಲ ಅವಳ ಅತ್ತೆ ಹಿಂದೆಯೇ ಬಂದು, "ಮನ್ಯಾಗ ಸೂಜಿ ಇಲ್ಲೇನು?" ಎಂದು ಕೇಳಿ ಕರೆದುಕೊಂಡು ಹೋದಳು. ಮತ್ತೆ ಬರಲಿಲ್ಲ.

ಎರಡು ಮೂರು ವರ್ಷದಲ್ಲಿ ನಮ್ಮ ಓಣಿಯಲ್ಲಿ ನಾರುಹುಣ್ಣು ಬಂದು ಮಲಗಿದವರು ಯಾರೂ ಇರಲಿಲ್ಲ. ಸಂಘದವರ ಕೆಲಸ ದೊಡ್ಡದು, ಅದನ್ನು ನನ್ನ ಮಕ್ಕಳಿಗೂ ಹೇಳಿದ್ದೇನೆ. ಆ ಕೆಲಸಕ್ಕಾಗಿ ಊರಿನವರು ನಮ್ಮ ಮನೆಯವರಿಗೆ ಹಾರ ಹಾಕಿದ ದಿನ ಬಾಗಿಲ ಮರೆಯಲ್ಲಿ ನಿಂತು ನೋಡಿ ನನಗೂ ಹಿಗ್ಗಾಗಿತ್ತು.

ಗೆಳತಿ ಬಾವಿಯಲ್ಲಿ ಸಿಗುತ್ತಿದ್ದಳು. "ಹೆಂಗದೀ?" ಅನ್ನುತ್ತಿದ್ದೆ. "ಅದೀನಿ" ಅನ್ನುತ್ತಿದ್ದಳು. ಅರಳಿಕಟ್ಟೆಯ ಮೇಲಿಂದ ಯಾರೋ ಕೆಮ್ಮುತ್ತಿದ್ದರು, ಹಿಂದಿನವಳು ತನ್ನ ಕೊಡವನ್ನು ಮುಂದೆ ತಳ್ಳುತ್ತಿದ್ದಳು. ಅವಳು ಕೊಡ ಎತ್ತಿಕೊಂಡು ನಡೆಯುತ್ತಿದ್ದಳು, ನಾನು ಹಗ್ಗ ಬಿಡುತ್ತಿದ್ದೆ.