ಕುದುರೆಯ ಹಿಂದಿನ ಕಿಟಕಿ

ನಮ್ಮ ಊರಿನ ಚೌಕದ ನಡುವೆ ಒಂದು ಕಂಚಿನ ಕುದುರೆ ಇದೆ. ಅದರ ಮೇಲೆ ಕೈ ಎತ್ತಿ ಕೂತ ಸವಾರನೂ ಇದ್ದಾನೆ. ಅವನು ಯಾರು, ಯಾವ ಯುದ್ಧ ಗೆದ್ದ ಎನ್ನುವುದನ್ನೆಲ್ಲ ಕೆಳಗಿನ ಕಲ್ಲಿನಲ್ಲಿ ಕೆತ್ತಿದ್ದಾರೆ. ಅದನ್ನು ಓದುವಷ್ಟು ಬಿಡುವಿದ್ದವರನ್ನು ನಾನು ಇನ್ನೂ ಕಂಡಿಲ್ಲ. ಬಂದವರು ಕುದುರೆಯ ಮುಂದೆ ನಿಲ್ಲುತ್ತಾರೆ, ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ, ಆಮೇಲೆ ಎದುರಿಗಿರುವ ನನ್ನ ಅಂಗಡಿಗೆ ಬಂದು ಅದೇ ಕುದುರೆಯ ಚಿತ್ರಕಾರ್ಡು ಕೊಳ್ಳುತ್ತಾರೆ. ಕಣ್ಣಾರೆ ನೋಡಿ, ಫೋನಿನಲ್ಲೂ ಹಿಡಿದುಕೊಂಡ ಮೇಲೆ ಮತ್ತೆ ಇದೇಕೆ ಎಂದು ನಾನು ಯಾರನ್ನೂ ಕೇಳಿಲ್ಲ. ವ್ಯಾಪಾರಿಯಾದವನು ಬಾಯಿಬಿಟ್ಟು ಕೇಳಬಾರದ ಕೆಲವು ಪ್ರಶ್ನೆಗಳಿವೆ.

ಕಾರ್ಡು ಮಾರುವುದರ ಜತೆಗೆ ಫೋಟೋಗಳಿಗೆ ಕಟ್ಟು ಹಾಕುವ ಕೆಲಸವೂ ನನ್ನದೇ. ಮದುವೆಯಾದವರು, ತೀರಿಕೊಂಡವರು, ಓಟದಲ್ಲಿ ಬಹುಮಾನ ಗೆದ್ದವರು ಎಲ್ಲರೂ ನನ್ನ ಅಂಗಡಿಯಲ್ಲಿ ಒಂದೇ ಬಗೆಯ ಗಾಜಿನ ಹಿಂದೆ ಹೋಗುತ್ತಾರೆ. ನಾವು ಹಿಂಬಾಗಿಲಣ್ಣ ಎಂದು ಕರೆಯುವ ಫೋಟೋಗ್ರಾಫರನ ಪರಿಚಯವಾದದ್ದು ಈ ಕೆಲಸದಿಂದಲೇ.

ಅವನು ಮೊದಲು ಎಲ್ಲರಂತೆ ಕುದುರೆಯ ಮುಂದೆ ಕ್ಯಾಮೆರಾ ನೇತುಹಾಕಿಕೊಂಡು ನಿಂತವನು. ಪ್ರವಾಸಿಗಳ ಕೈಗೆ ಫೋನು ಬಂದ ಮೇಲೆ ಅಲ್ಲಿ ನಿಂತವರೆಲ್ಲ ನೊಣ ಹೊಡೆಯತೊಡಗಿದರು. ಒಬ್ಬ ಆ ಫೋನುಗಳಿಗೇ ಕವರು ಮಾರಲು ಹೊರಟ, ಇನ್ನೊಬ್ಬ ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಲು ಕೂತ. ಇವನು ಮಾತ್ರ ಕುದುರೆಯನ್ನು ಒಂದು ಸುತ್ತು ಹಾಕಿ ಅದರ ಬಾಲದ ಕಡೆ ಹೋಗಿ ನಿಂತ. ಇದೇನಯ್ಯ ಎಂದು ಕೇಳಿದ್ದಕ್ಕೆ, ಮುಂದುಗಡೆ ಎಲ್ಲರೂ ತೆಗೆದು ಮುಗಿಸಿದ್ದಾರಲ್ಲ ಎಂದ. ಎಲ್ಲರೂ ಮುಗಿಸಿರುವುದೇ ಮಾರಾಟವಾಗುವ ಸರಕು ಎಂದು ನಾನು ಹೇಳಿದೆ. ಅವನು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಅಲ್ಲಿಂದ ಅವನ ಚಾಳಿ ಬೆಳೆಯಿತು. ದೊಡ್ಡ ಸೇತುವೆಯನ್ನು ಅದರ ಕೆಳಗೆ ಬಾವಲಿಗಳು ತೂಗುವ ಜಾಗದಿಂದ ತೆಗೆದ. ಗ್ರಂಥಾಲಯದ ಗುಮ್ಮಟವನ್ನು ಪಕ್ಕದ ಬೇಕರಿಯ ಹೊಗೆಗೂಡಿನ ಸಂದಿಯಿಂದ ತೆಗೆದ. ಹಳೆಯ ಕೋರ್ಟಿನ ಹಿಂದೆ ಮೆಟ್ಟಿಲುಗಳ ಸಾಲೊಂದಿದೆ. ಹತ್ತಿ ಹೋದರೆ ಇಟ್ಟಿಗೆಯಿಂದ ಮುಚ್ಚಿದ ಬಾಗಿಲು ಸಿಗುತ್ತದೆ. ಊರಿನವರು ಯಾರೂ ಅದರ ಕಡೆ ತಿರುಗಿ ನೋಡಿದವರಲ್ಲ. ಅವನು ಅದನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ತೆಗೆದು ಮೂರಕ್ಕೂ ನನ್ನಿಂದ ಕಟ್ಟು ಹಾಕಿಸಿದ. ಮೂರರಲ್ಲೂ ಬಾಗಿಲು ಮುಚ್ಚಿಯೇ ಇತ್ತು.

ಕೆಲಸದ ರೀತಿಯೂ ಅವನದೇ. ಯಾವುದೋ ಮನೆಯ ಬಾಗಿಲು ತಟ್ಟಿ, ನಿಮ್ಮ ಬಚ್ಚಲ ಕಿಟಕಿಯಿಂದ ಒಂದು ಸಲ ಹೊರಗೆ ನೋಡಬಹುದೇ ಎಂದು ಕೇಳುವುದು. ಹೀಗೆ ಕೇಳಿಯೂ ಅವನ ಹಲ್ಲುಗಳೆಲ್ಲ ಸ್ವಸ್ಥಾನದಲ್ಲಿವೆ ಎಂದರೆ ಅದಕ್ಕೆ ಅವನ ಮುಖವೇ ಕಾರಣ. ಮೀಟರು ಓದಲು ಬಂದವನ ಮುಖ ಅದು. ಜನ ತಾವಾಗಿಯೇ ದಾರಿ ಬಿಡುತ್ತಾರೆ. ಕಿಟಕಿ ಕೊಟ್ಟವರಿಗೆ ಅದೇ ಕಿಟಕಿಯಿಂದ ತೆಗೆದ ಚಿತ್ರವೊಂದನ್ನು ಕಟ್ಟು ಹಾಕಿಸಿ ಕೊಡುವುದು ಅವನ ನೇಮ. ಹೀಗಾಗಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕಿಟಕಿ, ಕಿಟಕಿಯಾಚೆ ಕುದುರೆಯ ಬಾಲ, ಕಿಟಕಿಯ ಪಕ್ಕದ ಗೋಡೆಯಲ್ಲಿ ಅದೇ ಬಾಲ. ಮನೆಯವರು ಬಂದವರಿಗೆಲ್ಲ ಗೋಡೆಯದನ್ನು ತೋರಿಸುತ್ತಾರೆ.

ಕುದುರೆಯ ಹಿಂದಿರುವ ಓಣಿಯಲ್ಲಿ ಅವನ ಅಕ್ಕ ಒಂದು ಸಣ್ಣ ಲಾಡ್ಜು ನಡೆಸುತ್ತಾರೆ. ಭಾವ ತೀರಿಕೊಂಡ ಮೇಲೆ ಅವರೊಬ್ಬರೇ. ತಮ್ಮನಿಗೆ ಮೇಲಿನ ಮೂಲೆಯ ರೂಮು ಬಿಟ್ಟುಕೊಟ್ಟಿದ್ದರು. ಲಾಡ್ಜು ಚೊಕ್ಕಟವಾಗಿತ್ತು, ಬಿಸಿನೀರು ಬರುತ್ತಿತ್ತು, ಆದರೂ ಜನ ನಿಲ್ಲುತ್ತಿರಲಿಲ್ಲ. ಚೌಕ ಹತ್ತಿರವೇ ಎಂದು ಕೇಳಿ ಬಂದವರು ಪರದೆ ಸರಿಸಿ ನೋಡಿ, ಕಂಚಿನ ಪೃಷ್ಠದ ದರ್ಶನವಾದೊಡನೆ ಪೆಟ್ಟಿಗೆ ಎತ್ತಿಕೊಂಡು ಎದುರು ಸಾಲಿನ ಲಾಡ್ಜಿಗೆ ಹೋಗುತ್ತಿದ್ದರು. ಮಾಲೀಕತ್ವದಲ್ಲಿ ಅರ್ಧ ಪಾಲು ಅಕ್ಕನ ಮೈದುನನದು. ಅವನ ಟೈರಿನ ಅಂಗಡಿ ಅದೇ ಓಣಿಯಲ್ಲಿದೆ, ಟೈರು ಇಡಲು ಗೋಡೌನು ಬೇಕಾಗಿತ್ತು. ಈ ಬೇಸಿಗೆ ರಜೆ ಮುಗಿಯುವುದರೊಳಗೆ ರೂಮುಗಳು ತುಂಬದಿದ್ದರೆ ಲಾಡ್ಜಿಗೆ ಬೀಗ ಹಾಕಿ ಗೋಡೌನು ಮಾಡುವುದೆಂದು ಮಾತಾಯಿತು. ಅತ್ತಿಗೆಗೆ ತನ್ನ ಮನೆಯಲ್ಲಿ ಒಂದು ಕೋಣೆ ಕೊಡುತ್ತೇನೆ ಎಂದೂ ಅವನು ಹೇಳಿದ. ಆ ಮನೆಯ ಅಡುಗೆಯವಳು ಕೆಲಸ ಬಿಟ್ಟು ಆಗಲೇ ಕೆಲವು ದಿನವಾಗಿತ್ತು ಎನ್ನುವುದು ಓಣಿಗೆಲ್ಲ ಗೊತ್ತಿತ್ತು.

ಅಕ್ಕ ಸುಮ್ಮನೆ ಕೂರುವವರಲ್ಲ. ಲಾಡ್ಜಿನ ವ್ಯಾಪಾರ ಹೇಗಿದೆ ಎನ್ನುವುದು ಮಹಡಿಯ ಹಗ್ಗದ ಮೇಲೆ ಒಣಗುವ ಬೆಡ್‌ಶೀಟುಗಳಿಂದ ಗೊತ್ತಾಗುತ್ತದೆ. ಮೈದುನ ದಿನಾ ತನ್ನ ಮಾಳಿಗೆಯ ಮೇಲೆ ನಿಂತು ಹಲ್ಲುಜ್ಜುತ್ತ ಅದನ್ನೇ ನೋಡುತ್ತಿದ್ದ. ಅಕ್ಕ ಯಾರೂ ಮಲಗದ ಬೆಡ್‌ಶೀಟುಗಳನ್ನು ಬೆಳಗ್ಗೆದ್ದು ನೀರಿಗೆ ಅದ್ದಿ, ಹಿಂಡಿ, ಹಗ್ಗದ ತುಂಬ ಹರವಿದರು. ತಮ್ಮ ಕ್ಯಾಮೆರಾ ಪಕ್ಕಕ್ಕಿಟ್ಟು ಇನ್ನೊಂದು ತುದಿ ಹಿಡಿದು ಹಿಂಡಿದ. ರಜೆಯ ಮೊದಲ ಭಾಗವೆಲ್ಲ ಹೀಗೆ ಕಳೆಯಿತು. ಆಮೇಲೊಂದು ದಿನ ಮೈದುನ ಮೇಲೆ ಬಂದು, ಒಂದು ಬೆಡ್‌ಶೀಟನ್ನು ಬೆಳಕಿಗೆ ಹಿಡಿದು ನೋಡಿದ.

"ಅತ್ತಿಗೆ, ನಿಮ್ಮ ಗಿರಾಕಿಗಳು ಭಾಳ ಶುದ್ಧ ಜನ. ಒಂದು ಚಹಾದ ಕಲೆ ಕೂಡ ಇಲ್ಲ."

"ನಿಂತ್ಕೊಂಡೇ ಮಲಗ್ತಾರೆ" ಎಂದರು ಅಕ್ಕ.

ಮಾರನೆಯ ದಿನದಿಂದ ಕೆಲವು ಬೆಡ್‌ಶೀಟುಗಳ ಮೇಲೆ ಚಹಾದ ಕಲೆ ಕಾಣಿಸಿತು. ಆದರೆ ಮೈದುನ ಆಗಲೇ ಅಳತೆಯ ಟೇಪು ಹಿಡಿದು ಕೆಳಗಿನ ರೂಮುಗಳನ್ನು ಅಳೆಯಲು ಶುರು ಮಾಡಿದ್ದ.

ಇದೇ ಹೊತ್ತಿಗೆ ನಗರಸಭೆಯ ಸಭಾಂಗಣ ಉದ್ಘಾಟನೆಗೆ ಹೊರಗಿನಿಂದ ಮುಖ್ಯ ಅತಿಥಿಯೊಬ್ಬರು ಬಂದರು. ವಯಸ್ಸಾದ ಹೆಂಗಸು, ಸೇತುವೆ ಕಟ್ಟುವ ಎಂಜಿನಿಯರು, ಹೆಸರು ಮಾಡಿದವರು. ಅವರಿಗೆ ಉಡುಗೊರೆಯಾಗಿ ಕೊಡಲು ಕುದುರೆಯ ದೊಡ್ಡ ಚಿತ್ರವೊಂದಕ್ಕೆ ಕಟ್ಟು ಹಾಕಲು ನನಗೆ ಹೇಳಿದ್ದರು. ಹಾಕಿಟ್ಟೆ. ನಮ್ಮ ಕಸುಬಿನಲ್ಲಿ ಸಿದ್ಧವಾದ ಚಿತ್ರಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತೇವೆ. ಬಿಸಿಲಿಗೆ ಬಣ್ಣ ಹೋಗಬಾರದು, ಧೂಳು ಕೂರಬಾರದು. ಹಿಂದೆ ಪೆನ್ಸಿಲಿನಲ್ಲಿ ಏನೆಂದು ಗುರುತು ಹಾಕಿರುತ್ತೇವೆ. ಅದೇ ವಾರ ಹಿಂಬಾಗಿಲಣ್ಣನೂ ಅಕ್ಕನ ಮೇಲಿನ ರೂಮಿನಿಂದ ತೆಗೆದ ಚಿತ್ರಕ್ಕೆ ಅಷ್ಟೇ ದೊಡ್ಡ ಕಟ್ಟು ಹಾಕಿಸಿದ್ದ. ಎರಡರ ಹಿಂದೆಯೂ ಕುದುರೆ ಎಂದೇ ಇತ್ತು.

ನಾನು ಊಟಕ್ಕೆ ಹೋಗಿದ್ದಾಗ ನಗರಸಭೆಯ ಜವಾನ ಬಂದ. ಅಂಗಡಿಯಲ್ಲಿ ನನ್ನ ಹೆಂಡತಿ ಇದ್ದಳು. ಎರಡು ಕುದುರೆ ಇದೆ, ಯಾವುದೆಂದು ತಿರುಗಿಸಿ ನೋಡಿ ಎಂದು ಅವಳು ಹೇಳಿದಳಂತೆ. ಅವನು ಕೈಗೆ ಹತ್ತಿರ ಇದ್ದದ್ದನ್ನು ಎತ್ತಿಕೊಂಡು, "ಯಾವುದಾದ್ರೇನಮ್ಮ, ಊರಲ್ಲಿ ಇರೋದು ಒಂದೇ ಕುದುರೆ ಅಲ್ವಾ?" ಎಂದನಂತೆ.

ಸಂಜೆ ಸಭಾಂಗಣದಲ್ಲಿ ನಾನೂ ಇದ್ದೆ. ಅಧ್ಯಕ್ಷರು, ನಮ್ಮ ಊರಿನ ಹೆಮ್ಮೆಯನ್ನು ತಮಗೆ ಅರ್ಪಿಸುತ್ತಿದ್ದೇವೆ ಎಂದು ಹೇಳಿ ಕೊಟ್ಟರು. ಅತಿಥಿ ಕಾಗದ ಬಿಚ್ಚಿ ಚಿತ್ರವನ್ನು ಜನರಿಗೆ ಕಾಣುವಂತೆ ಎತ್ತಿ ಹಿಡಿದರು. ಮುಂದಿನ ಸಾಲಿನವರು ಚಪ್ಪಾಳೆಗೆಂದು ಎತ್ತಿದ ಕೈಗಳನ್ನು ಹಾಗೆಯೇ ತೊಡೆಯ ಮೇಲೆ ಇಳಿಸಿದರು. ಅಧ್ಯಕ್ಷರ ಮುಖ ಕಂಚಿನ ಬಣ್ಣಕ್ಕೆ ತಿರುಗಿತು. ನಾನು ಕುರ್ಚಿಯಲ್ಲಿ ಸಾಧ್ಯವಾದಷ್ಟು ಕೆಳಗೆ ಜಾರಿದೆ.

ಅತಿಥಿ ಮಾತ್ರ ಚಿತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡು, ಕನ್ನಡಕ ಹಾಕಿಕೊಂಡು, ನಿಧಾನವಾಗಿ ನೋಡಿದರು. ಅದರಲ್ಲಿ ಕುದುರೆಯ ಪೃಷ್ಠ ಒಂದು ಪಕ್ಕಕ್ಕಿತ್ತು. ಉಳಿದ ಜಾಗವೆಲ್ಲ ಚೌಕದಲ್ಲಿ ನಿಂತು ಸವಾರನ ಕಡೆ ಕತ್ತೆತ್ತಿದ ಜನರ ಮುಖಗಳು. ಬಾಯಿ ತೆರೆದವರು, ಕಣ್ಣಿಗೆ ಕೈ ಅಡ್ಡ ಹಿಡಿದವರು, ಅಪ್ಪನ ಹೆಗಲ ಮೇಲೆ ನಿದ್ದೆ ಹೋದ ಮಗು, ಗಂಡನನ್ನು ಬಿಟ್ಟು ಬೇರೆ ಯಾರನ್ನೋ ನೋಡುತ್ತಿದ್ದ ಹೆಂಗಸು. ಅಂಗಡಿಯ ಬಾಗಿಲಲ್ಲಿ ನಾನೂ ಇದ್ದೆ, ಇವರಲ್ಲಿ ಯಾರು ಕೊಳ್ಳಬಹುದು ಎಂದು ಅಳೆಯುತ್ತ. ಮುಂದಿನಿಂದ ನೋಡಿದರೆ ಸವಾರನದೊಂದೇ ಮುಖ. ಹಿಂದಿನಿಂದ ನೋಡಿದರೆ ಎಲ್ಲರದೂ ಕಾಣುತ್ತಿತ್ತು. ಆ ಚಿತ್ರಕ್ಕೆ ಕಟ್ಟು ಹಾಕಿದವನು ನಾನು. ಆಗ ಮೂಲೆಗಳು ಸರಿಯಾಗಿ ಕೂತಿವೆಯೇ ಎಂದಷ್ಟೇ ನೋಡಿದ್ದೆ.

"ಇದನ್ನ ಎಲ್ಲಿ ನಿಂತು ತೆಗೆದದ್ದು?" ಎಂದು ಅತಿಥಿ ಕೇಳಿದರು.

ವೇದಿಕೆಯ ಹಿಂದಿನ ಪರದೆ ಅಲುಗಾಡಿ ಹಿಂಬಾಗಿಲಣ್ಣನ ತಲೆ ಹೊರಬಂತು. ಸಮಾರಂಭವನ್ನು ಅವನು ಅಲ್ಲಿಂದ ತೆಗೆಯುತ್ತಿದ್ದ.

"ನಮ್ಮ ಅಕ್ಕನ ಲಾಡ್ಜಿಂದಮ್ಮ. ಮೇಲಿನ ಮೂಲೆ ರೂಮು."

ಅತಿಥಿ ಆ ರಾತ್ರಿ ನಗರಸಭೆಯವರು ಗೊತ್ತು ಮಾಡಿದ್ದ ದೊಡ್ಡ ಹೋಟೆಲು ಬಿಟ್ಟು ಅಕ್ಕನ ಲಾಡ್ಜಿನಲ್ಲಿ ಮಲಗಿದರು. ಮಾರನೆಯ ದಿನ ಪತ್ರಿಕೆಯವರಿಗೆ ಆ ಕಿಟಕಿಯ ಬಗ್ಗೆಯೇ ಮಾತಾಡಿದರು, ಸಭಾಂಗಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ವಾರದೊಳಗೆ ಓಣಿಗೆ ಜನ ಬರತೊಡಗಿದರು.

ಇಲ್ಲಿ ಹೊಸ ಪೇಚು ಹುಟ್ಟಿತು. ಬಂದವರಿಗೆಲ್ಲ ಆ ರೂಮೇ ಬೇಕು, ಇಲ್ಲವೇ ಒಂದು ಸಲವಾದರೂ ಆ ಕಿಟಕಿಯಲ್ಲಿ ಕೂರಬೇಕು. ಉಳಿದ ರೂಮುಗಳಿಂದ ಕುದುರೆಯ ಒಂದು ಕಾಲೋ, ಬಾಲದ ತುದಿಯೋ ಕಾಣುತ್ತದೆ, ಅಷ್ಟೆ. ಆ ರೂಮಿನಲ್ಲಿ ತಮ್ಮನಿದ್ದ. ಅವನ ಮಂಚ, ಕ್ಯಾಮೆರಾಗಳು, ಗೋಡೆಯ ತುಂಬ ನೆಗೆಟಿವುಗಳು. ಅಕ್ಕ ಕೇಳಿದವರಿಗೆಲ್ಲ ಆ ರೂಮು ರಿಪೇರಿಯಲ್ಲಿದೆ ಎಂದರು. ಬಂದವರು ಮುಖ ಸಪ್ಪೆ ಮಾಡಿಕೊಂಡು ಹಿಂತಿರುಗಿದರು. ರಜೆ ಮುಗಿಯುತ್ತ ಬಂತು. ಮೈದುನ ಬಾಗಿಲಿಗೆ ಹೊಸ ಬೀಗ ತಂದಿಟ್ಟ.

ನಾನು ಕಟ್ಟು ಹಾಕಿದ ಚಿತ್ರ ಕೊಡಲು ಹೋದ ದಿನ ಹಿಂಬಾಗಿಲಣ್ಣ ಟ್ರಂಕು ಹೊತ್ತುಕೊಂಡು ಮೆಟ್ಟಿಲಿಳಿಯುತ್ತಿದ್ದ. ಅಕ್ಕ ಕೆಳಗೆ ಬೆಡ್‌ಶೀಟು ಮಡಿಸುತ್ತಿದ್ದರು.

"ರೂಮು ಖಾಲಿ ಮಾಡಿದೀನಿ. ಕೊಟ್ಟುಬಿಡು ಅಕ್ಕ."

"ನಿನ್ನನ್ನ ಯಾರು ಕೇಳಿದ್ರು?"

"ಯಾರೂ ಕೇಳಿಲ್ಲ. ನೀನು ಕೇಳೋದೂ ಇಲ್ಲ, ಅದಕ್ಕೇ."

"ಎಲ್ಲಿಗೆ ಹೋಗ್ತೀಯ?"

"ಸಾಹುಕಾರ್ರ ಅಂಗಡಿ ಅಟ್ಟ ಖಾಲಿ ಇದೆಯಲ್ಲ."

ಸಾಹುಕಾರ್ರು ಎಂದದ್ದು ನನ್ನನ್ನೇ. ಅಟ್ಟ ಖಾಲಿ ಇರಲಿಲ್ಲ. ಒಡೆದ ಗಾಜು, ಹಳೆಯ ಕಟ್ಟುಗಳು, ಮಾರಾಟವಾಗದ ಕಾರ್ಡುಗಳು ತುಂಬಿದ್ದವು. ನನ್ನನ್ನು ಯಾರೂ ಕೇಳಿರಲೂ ಇಲ್ಲ. ಇಬ್ಬರೂ ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿ, ಖಾಲಿ ಇದೆ ಎಂದೆ.

ಅಕ್ಕ ಬೆಡ್‌ಶೀಟಿನ ಅಂಚು ಮತ್ತೆ ಮತ್ತೆ ಸರಿ ಮಾಡಿದರು. "ಅಲ್ಲಿಂದ ಕುದುರೆ ಮುಖ ಕಾಣತ್ತಲ್ಲೋ" ಎಂದರು.

"ಕಾಣತ್ತೆ. ಏನು ಮಾಡೋದು. ಪರದೆ ಹಾಕ್ಕೋತೀನಿ."

ಹಾಕಿಕೊಂಡ ಕೂಡ. ನನ್ನ ಅಟ್ಟದ ಕಿಟಕಿಗೆ, ಊರಿನಲ್ಲೇ ಅತಿ ಚೆನ್ನಾಗಿ ಕುದುರೆ ಕಾಣುವ ಕಿಟಕಿಗೆ, ಅವನು ದಪ್ಪ ಕರಿಬಟ್ಟೆ ಕಟ್ಟಿದ. ಅದನ್ನು ಬಾಡಿಗೆಗೆ ಕೊಟ್ಟಿದ್ದರೆ ಎಷ್ಟು ಬರುತ್ತಿತ್ತು ಎಂದು ನನ್ನ ಹೆಂಡತಿ ಆಗಾಗ ನೆನಪು ಮಾಡುತ್ತಿದ್ದಳು, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಅವನಿಗೆ ಚಹಾ ಕಳಿಸುತ್ತಿದ್ದವಳೂ ಅವಳೇ.

ಮೂಲೆಯ ರೂಮು ಸಿಕ್ಕ ಮೇಲೆ ಲಾಡ್ಜು ತುಂಬಿತು. ಆ ರೂಮು ಸಿಗದವರು ಸರದಿ ಕಾಯಲು ಬೇರೆ ರೂಮು ಹಿಡಿದರು. ರಜೆ ಮುಗಿದರೂ ಜನ ಬರುವುದು ನಿಲ್ಲಲಿಲ್ಲ. ಮೈದುನ ಟೇಪು ಸುತ್ತಿಕೊಂಡು ಬೇರೆ ಕಡೆ ಗೋಡೌನು ಹುಡುಕಲು ಹೋದ. ಹೊಸ ಬೀಗ ಅಕ್ಕನ ಸ್ಟೋರ್‌ರೂಮಿಗೆ ಉಪಯೋಗವಾಯಿತು.

ಒಂದು ಬೆಳಗ್ಗೆ ಹಿಂಬಾಗಿಲಣ್ಣ ಅಟ್ಟದಿಂದ ಇಳಿದು ಬಂದು ಒಂದು ಚಿತ್ರವನ್ನು ನನ್ನ ಮೇಜಿನ ಮೇಲಿಟ್ಟ. ನೋಡಿದೆ. ಕುದುರೆ, ಎದುರಿನಿಂದ. ಸವಾರ, ಎತ್ತಿದ ಕೈ. ಪರದೆ ಸರಿಸಿದ್ದಾನೆ ಎಂದುಕೊಂಡೆ. ಕೊನೆಗೂ ಮಾರಾಟವಾಗುವ ಸರಕು ತಂದೆಯಲ್ಲ ಮಾರಾಯ ಎಂದೆ.

"ಕುದುರೆ ಮಸುಕಾಗಿದೆ ನೋಡಿ" ಎಂದ.

ನಿಜ. ಕುದುರೆಯೂ ಸವಾರನೂ ಮಂಜಿನಲ್ಲಿ ನಿಂತಂತೆ ಮಸುಕಾಗಿದ್ದರು. ಕುದುರೆಯ ಕಾಲುಗಳ ನಡುವೆ ದೂರದಲ್ಲಿ ಅಕ್ಕನ ಮೂಲೆಯ ರೂಮಿನ ಕಿಟಕಿ ಮಾತ್ರ ಸ್ಪಷ್ಟವಾಗಿತ್ತು. ಅದರಲ್ಲಿ ನಾಲ್ಕಾರು ಜನ ಒಬ್ಬರ ಮೇಲೊಬ್ಬರು ಬಾಗಿ ಈ ಕಡೆ ಫೋನು ಹಿಡಿದಿದ್ದರು. ಸವಾರನ ಕೈಯ ಕೆಳಗೆ ಲಾಡ್ಜಿನ ಮಹಡಿ. ಅಲ್ಲಿ ಹಗ್ಗದ ತುಂಬ ಬೆಡ್‌ಶೀಟು, ನಡುವೆ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡ ಅಕ್ಕ.

ನಾನು ಭೂತಗನ್ನಡಿ ತಂದು ಬೆಡ್‌ಶೀಟುಗಳನ್ನು ಒಂದೊಂದಾಗಿ ನೋಡಿದೆ. ಮೈದುನನ ಅಭ್ಯಾಸ ನನಗೂ ಅಂಟಿರಬೇಕು.

"ಇವು ಜನ ಮಲಗಿದ್ದೋ, ಅಥವಾ ನಿಮ್ಮ ಅಕ್ಕ ಸುಮ್ಮನೆ ಅದ್ದಿ ಹಾಕಿದ್ದೋ?"

"ಮಲಗಿದ್ದೇ. ಹಿಂಡೋಕೆ ಅಕ್ಕ ಈಗ ನನ್ನನ್ನ ಕರೆಯಲ್ಲ. ಆಳು ಇಟ್ಟಿದಾಳೆ" ಎಂದ.

ಅದಕ್ಕೆ ತೇಗದ ಕಟ್ಟು ಹಾಕಿಕೊಟ್ಟೆ. ಹಿಂದೆ ಪೆನ್ಸಿಲಿನಲ್ಲಿ ಈ ಸಲ ಕುದುರೆ ಎಂದು ಬರೆಯಲಿಲ್ಲ, ಅಕ್ಕ ಎಂದು ಬರೆದು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ.