ಅಜ್ಜನ ಪಾಲಿನ ಬಾಟಲಿ

ಆ ಶುಕ್ರವಾರದ ಬಗ್ಗೆ ನನ್ನ ಡೈರಿಯಲ್ಲಿರುವುದು ಒಂದೇ ಸಾಲು: ‘ಎಲ್ಲ ಚೆಲ್ಲಿದೆ, ಕಪಾಟಿನ ಮೇಲಿದ್ದದ್ದು ಮರೆತೆ.’ ನೆನಪು ಬೇರೆ ಹೇಳುತ್ತದೆ. ಮರೆತಿರಲಿಲ್ಲ, ಬೇಕೆಂದೇ ಬಿಟ್ಟೆ ಎನ್ನುತ್ತದೆ. ಎರಡರಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯದೆ, ನಡೆದದ್ದನ್ನು ಮೊದಲಿನಿಂದ ಬರೆದು ನೋಡುತ್ತಿದ್ದೇನೆ.

ಗಲ್ಫಿನ ಮೀನಾ ಅಬ್ದುಲ್ಲಾ ಎಂಬ ಊರಿನಲ್ಲಿ ಒಂದು ಗುತ್ತಿಗೆ ಕಂಪನಿಯ ಲ್ಯಾಬಿನಲ್ಲಿ ನನಗೆ ಕೆಲಸ. ಕಂಪನಿ ಕೊಟ್ಟ ಫ್ಲ್ಯಾಟಿನಲ್ಲಿ ನಾವು ಇಬ್ಬರು. ನಾನು ಮೈಸೂರಿನವನು. ಇನ್ನೊಬ್ಬರು ಉಡುಪಿ ಕಡೆಯವರು, ಕಂಪನಿಯ ಮೆಸ್ ನೋಡಿಕೊಳ್ಳುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಅಣ್ಣ ಎಂದು ಕರೆಯುತ್ತಿದ್ದೆ.

ಈ ದೇಶದಲ್ಲಿ ಮದ್ಯ ಕುಡಿಯುವುದೂ ಅಪರಾಧ, ಮಾಡುವುದೂ ಅಪರಾಧ. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಅಣ್ಣ ಮಾತ್ರ ವರ್ಷಕ್ಕೆರಡು ಸಲ ಬೀರು ಮಾಡುತ್ತಿದ್ದರು. ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವ, ಅಮಲಿಲ್ಲದ ಮಾಲ್ಟ್ ಪಾನೀಯ ತಂದು, ಅದಕ್ಕೆ ಸಕ್ಕರೆ, ಯೀಸ್ಟು ಹಾಕಿ ನೀರಿನ ಕ್ಯಾನಿನಲ್ಲಿಡುತ್ತಿದ್ದರು. ಅವರು ಹೆಚ್ಚು ಕುಡಿಯುವವರಲ್ಲ. ಊರಲ್ಲಿ ಕೊರಗಜ್ಜ ದೈವಕ್ಕೆ ಹರಕೆ ಹೊತ್ತಿದ್ದರು. ಅಜ್ಜನಿಗೆ ಚಕ್ಕುಲಿ, ಬೀಡ, ಕಳ್ಳು ಇಡಬೇಕು. ಇಲ್ಲಿ ಕಳ್ಳು ಎಲ್ಲಿಂದ ಬರಬೇಕು? ಅದಕ್ಕೆ ಬೀರು. ಪ್ರತಿ ಸಲದ ಮೊದಲ ಬಾಟಲಿ ಕಪಾಟಿನ ಮೇಲೆ, ಅಜ್ಜನ ಪಾಲಿಗೆ. ಚಕ್ಕುಲಿಯನ್ನು ಮೆಸ್ಸಿನಲ್ಲಿ ತಾವೇ ಕರಿದು ತರುತ್ತಿದ್ದರು.

ನನಗೆ ಕಲಿಯುವ ಆಸೆ ತಾನಾಗಿ ಹುಟ್ಟಿತೋ, ಅವರು ಹುಟ್ಟಿಸಿದರೋ, ಈಗ ಹೇಳಲಾರೆ. ‘ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದವರಿಗೆ ಇಷ್ಟು ಬರುವುದಿಲ್ವಾ?’ ಎಂದು ಒಮ್ಮೆ ಕೆಣಕಿದ್ದು ನೆನಪಿದೆ.

ಬರಲಿಲ್ಲ. ಜನವರಿಯ ಚಳಿ ಎಂದು, ಅಮ್ಮ ದೋಸೆ ಹಿಟ್ಟಿನ ಪಾತ್ರೆಗೆ ಮಾಡುತ್ತಿದ್ದ ಹಾಗೆ ಕ್ಯಾನಿಗೆ ಕಂಬಳಿ ಸುತ್ತಿದೆ. ಹುದುಗು ಬಂತೇ ಎಂದು ಬೆಳಿಗ್ಗೆ, ಸಂಜೆ ಮುಚ್ಚಳ ತೆಗೆದು ನೋಡಿದೆ.

‘ಎಂತ ಮಾರಾಯ್ರೆ, ನಾಳೆ ತಿಂಡಿಗೆ ದೋಸೆಯಾ?’ ಎಂದರು ಅಣ್ಣ. ‘ಅದರ ಪಾಡಿಗೆ ಅದನ್ನು ಬಿಡಿ. ನೀವು ಇಣುಕಿದಷ್ಟೂ ಅದು ಕೆಡ್ತದೆ.’

ಐದನೆಯ ದಿನ ಕೋಣೆ ತುಂಬ ವಿನೆಗರಿನ ವಾಸನೆ. ಎರಡನೆಯ ಸಲ ಇಣುಕಲಿಲ್ಲ, ಆದರೆ ಆತುರಪಟ್ಟು ಬೇಗ ಬಾಟಲಿಗೆ ತುಂಬಿ ಬಟ್ಟೆಗಳ ನಡುವೆ ಬಚ್ಚಿಟ್ಟೆ. ಎರಡು ಸಿಡಿದವು. ಎಷ್ಟು ಒಗೆದರೂ ವಾಸನೆ ಹೋಗದ ಅಂಗಿ ತೊಟ್ಟು ಲ್ಯಾಬಿನಲ್ಲಿ ದಿನವಿಡೀ ಸಾಲ್ವೆಂಟುಗಳ ಪಕ್ಕದಲ್ಲೇ ನಿಂತಿದ್ದೆ. ‘ಈ ಸಲ ಅಜ್ಜನಿಗೆ ನಿಮ್ಮ ಅಂಗಿಯನ್ನೇ ಇಡುವ’ ಎಂದು ಅಣ್ಣ ಮೂರು ದಿನ ನಕ್ಕರು.

ಮೂರನೆಯ ಸಲ ಅವರು ಹೇಳಿದಂತೆಯೇ ಮಾಡಿದೆ. ಬಾಟಲಿಗಳನ್ನು ಕುದಿಯುವ ನೀರಿನಲ್ಲಿ ತೊಳೆದೆ, ಕಾದೆ, ಮುಟ್ಟಲಿಲ್ಲ. ತಿಳಿ ಚಹಾದ ಬಣ್ಣ, ಮೇಲೆ ಸಣ್ಣ ನೊರೆ, ಆಗಷ್ಟೇ ಸುಟ್ಟ ಬ್ರೆಡ್ಡಿನ ಪರಿಮಳ, ನಾಲಿಗೆಯ ಹಿಂದೆ ತುಸು ಕಹಿ. ಅಣ್ಣ ಒಂದು ಗುಟುಕು ಕುಡಿದು, ‘ಪಾಸು’ ಎಂದರು. ವಿಶ್ವವಿದ್ಯಾಲಯದ ಫಲಿತಾಂಶ ಬಂದ ದಿನವೂ ಅಷ್ಟು ಸಂತೋಷಪಟ್ಟ ನೆನಪಿಲ್ಲ. ಮೊದಲ ಬಾಟಲಿಯನ್ನು ಅವರೇ ಕಪಾಟಿನ ಮೇಲಿಟ್ಟು ಕೈಮುಗಿದರು.

‘ಏನಾದರೂ ಆದರೆ ನನ್ನ ತಲೆಗೆ ಇರಲಿ, ನೀವು ಹೆದರಬೇಡಿ’ ಎಂದು ಅವರು ಹೇಳಿದ್ದು ಅವತ್ತೇ. ಆ ದನಿ ಈಗಲೂ ಕೇಳಿಸುತ್ತದೆ. ಆದರೆ ಆ ದಿನದ ಡೈರಿಯಲ್ಲಿ ‘ಸಕ್ಕರೆ ಇನ್ನೂ ಕಡಿಮೆ ಹಾಕಬೇಕಂತೆ’ ಎಂದಷ್ಟೇ ಇದೆ. ಸಕ್ಕರೆಯನ್ನು ಬರೆದವನು ಆ ಮಾತನ್ನು ಯಾಕೆ ಬರೆಯಲಿಲ್ಲ?

ನಿಜಕ್ಕೂ ಹೆದರಬೇಕಾದ ಸಮಯ ಅದು. ಹೆಂಡತಿ, ಮಗಳನ್ನು ಕರೆಸಿಕೊಳ್ಳಲು ಬೇಕಾದ ಪತ್ರವನ್ನು ಕೊಡುವುದಾಗಿ ಕಂಪನಿ ಒಪ್ಪಿತ್ತು. ಮಗಳಿಗೆ ಆರು ವರ್ಷ. ವರ್ಷಕ್ಕೊಂದು ತಿಂಗಳು ಮನೆಗೆ ಬಂದು ಹೋಗುವ ನೆಂಟನ ಹಾಗೆ ನಾನು ಅವಳಿಗೆ. ಫೋನಿನಲ್ಲಿ ತನ್ನ ಚೀಲ ತೋರಿಸಿ, ಬಣ್ಣದ ಪೆನ್ಸಿಲ್ಲು, ಒಂದು ಕಾಲಿನ ಸಾಕ್ಸು, ಎಲ್ಲ ತುಂಬಿಯಾಯಿತು ಎಂದಿದ್ದಳು.

ಆ ಶುಕ್ರವಾರ ಬೆಳಿಗ್ಗೆ ಅಣ್ಣ ಕೆಳಗೆ ಅಂಗಡಿಗೆ ಹೋಗಿದ್ದರು. ಕಟ್ಟಡದ ಕಾವಲುಗಾರ ಬಂದು ಬಾಗಿಲು ತಟ್ಟಿದ. ‘ಭಾಯಿ, ಯಾರೋ ವಾಸನೆ ಅಂತ ದೂರು ಕೊಟ್ಟಿದ್ದಾರೆ. ಕ್ಯಾಂಪ್ ಬಾಸ್ ರೂಮು ನೋಡಲು ಬರುತ್ತಿದ್ದಾರೆ. ಬೇಗ, ಯಲ್ಲಾ, ಯಲ್ಲಾ’ ಎಂದು ಹಿಂದಿಯಲ್ಲಿ ಹೇಳಿ ಓಡಿದ. ನಮ್ಮ ವಸತಿಯ ಉಸ್ತುವಾರಿ ಎಲ್ಲ ಆ ಕ್ಯಾಂಪ್ ಬಾಸ್‌ನದೇ.

ಬಾಟಲಿಗಳನ್ನೆಲ್ಲ ಬಚ್ಚಲಿಗೆ ಸುರಿದೆ. ಕ್ಯಾನು ತೊಳೆದೆ. ಕುರ್ಚಿ ಹತ್ತಿ ಕಪಾಟಿನ ಮೇಲಕ್ಕೆ ಕೈ ಹಾಕಿದೆ. ಬಾಟಲಿಯ ಪಕ್ಕದಲ್ಲಿ ಚಕ್ಕುಲಿ, ಒಣಗಿದ ಬೀಡ. ಕೈ ಹಿಂದಕ್ಕೆ ಬಂತು. ಇನ್ನೊಬ್ಬರು ದೈವಕ್ಕೆ ಇಟ್ಟದ್ದನ್ನು ಬಚ್ಚಲಿಗೆ ಸುರಿಯುವುದು ಹೇಗೆ? ಹಾಗೆ ಅನಿಸಿತ್ತು ಎಂದು ನೆನಪು ಹೇಳುತ್ತದೆ. ಆದರೆ ಆ ಚಕ್ಕುಲಿ ಯಾರದೆಂದು ಇಡೀ ಕ್ಯಾಂಪಿಗೆ ಗೊತ್ತು ಎಂಬ ಯೋಚನೆಯೂ ಹೊಳೆದಿತ್ತೇ? ಅದು ಆಗಲೇ ಹೊಳೆಯಿತೋ, ಆಮೇಲೆ ನಾನೇ ಸೇರಿಸಿಕೊಂಡೆನೋ, ಗೊತ್ತಿಲ್ಲ.

ಕ್ಯಾಂಪ್ ಬಾಸ್‌ನ ಜೊತೆಯಲ್ಲೇ ಅಣ್ಣನೂ ಒಳಗೆ ಬಂದರು. ಅವನು ಅದೇ ಕುರ್ಚಿ ಹತ್ತಿ ಬಾಟಲಿ ಇಳಿಸಿದ, ಮೂಸಿದ. ಯಾರದಿದು ಎಂದು ಕೇಳಿದ.

ಅಣ್ಣ ಬಾಟಲಿ ನೋಡಿದರು. ಚಕ್ಕುಲಿ ನೋಡಿದರು. ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: ‘ನನ್ನದಲ್ಲ ಸಾರ್. ನಾನು ಕುಡಿಯುವವನಲ್ಲ. ಇವರು ಕೆಮಿಸ್ಟ್ರಿ ಓದಿದವರು, ಏನೋ ಮಾಡ್ತಾ ಇರ್ತಾರೆ.’

ಈಗ ತಿದ್ದಿಕೊಳ್ಳುತ್ತಾರೆ, ಈಗ ತಿದ್ದಿಕೊಳ್ಳುತ್ತಾರೆ ಎಂದು ಅವರ ಮುಖವನ್ನೇ ನೋಡುತ್ತಿದ್ದೆ.

ಪೊಲೀಸರವರೆಗೆ ಹೋಗಲಿಲ್ಲ, ಅದೇ ಉಪಕಾರ ಎಂದುಕೊಳ್ಳಬೇಕಂತೆ. ‘ಫ್ಯಾಮಿಲಿ ಪತ್ರ ಖಲಾಸ್’ ಎಂದ ಕ್ಯಾಂಪ್ ಬಾಸ್. ನನ್ನನ್ನು ಸುಲೈಬಿಯಾದ ಗೋದಾಮಿನ ಲೆಕ್ಕ ನೋಡಲು, ಅಲ್ಲಿಯ ಆರು ಜನರ ಕೋಣೆಗೆ ಹಾಕಿದರು.

ಹೊರಡುವ ದಿನ ನನ್ನ ಪೆಟ್ಟಿಗೆಗೆ ಹಗ್ಗ ಕಟ್ಟಲು ಅಣ್ಣ ಬಂದರು. ‘ಬರುವ ತಿಂಗಳು ನನ್ನ ಇಕಾಮಾ ರಿನ್ಯೂ ಆಗ್ಬೇಕು, ಇಲ್ಲದಿದ್ರೆ ಈ ದೇಶದಲ್ಲಿ ಇರ್ಲಿಕ್ಕಿಲ್ಲ. ಅರವತ್ತು ಹತ್ತಿರ ಆಯ್ತು, ಡಿಗ್ರಿ ಇಲ್ಲ, ಒಂದು ದೂರು ಬಿದ್ರೆ ಮತ್ತೆ ಕೊಡುದಿಲ್ಲ. ನಿಮಗೆ ಡಿಗ್ರಿ ಉಂಟು, ಪತ್ರ ಇನ್ನೊಮ್ಮೆ ಸಿಗ್ತದೆ.’

‘ಅಜ್ಜನದ್ದನ್ನೂ ನಿಮ್ಮದಲ್ಲ ಅಂದುಬಿಟ್ರಲ್ಲ ಅಣ್ಣ’ ಎಂದೆ.

ಅವರು ಗಂಟು ಬಿಗಿದು ಒಳಗೆ ಹೋದರು.

ಹೆಂಡತಿಗೆ ಇಲ್ಲಿಯ ನಿಯಮ ಬದಲಾಯಿತು ಎಂದು ಹೇಳಿದೆ. ಡೈರಿಯೂ ನೆನಪೂ ಒಪ್ಪುವುದು ಇದೊಂದನ್ನು. ಮಗಳು ಚೀಲದಿಂದ ಪೆನ್ಸಿಲ್ಲುಗಳನ್ನು ತೆಗೆದು ಶಾಲೆಗೆ ಒಯ್ಯುತ್ತಿದ್ದಾಳಂತೆ.

ಕಳೆದ ವಾರ ಮಿರ್ಕಾಬಿನ ಬಸ್ ಸ್ಟಾಪಿನಲ್ಲಿ ಅಣ್ಣ ಸಿಕ್ಕಿದರು. ಇಕಾಮಾ ಆಗಿತ್ತು. ಊರಿಗೆ ಹೋಗಿ ಬಂದಿದ್ದರು, ಮುಖ ತುಂಬಿಕೊಂಡಿತ್ತು.

‘ಅಜ್ಜನಿಗೆ ತಪ್ಪುಕಾಣಿಕೆ ಹಾಕಿ ಬಂದೆ ಮಾರಾಯ್ರೆ. ಬಾಟಲಿ ನನ್ನದಲ್ಲ ಅಂದದ್ದಕ್ಕೆ. ಈಗ ಮನಸ್ಸು ಹಗುರ ಆಯ್ತು’ ಎಂದರು. ಚೀಲದಿಂದ ಚಕ್ಕುಲಿಯ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ನಾನು ಇನ್ನೊಂದು ಮಾತಿಗೆ ಕಾದೆ. ಅವರ ಬಸ್ಸು ಬಂತು.

ಪೊಟ್ಟಣ ಈಗ ನನ್ನ ಮಂಚದ ಕೆಳಗಿದೆ. ಬಿಚ್ಚಿಲ್ಲ.